ಅರಬ್ಬೀ ಬರಹವನ್ನು ಓದುವ ಬಗೆ

ಅಕ್ಷರ ಬಂದರೆ ಓದು ಬಂದಂತೆ ಎಂಬುದು ಸಾಮಾನ್ಯವಾದ ಭಾವನೆ. ಕನ್ನಡದಲ್ಲಿ ನಾವು ಮೊದಲು ಓದಿ, ಅನಂತರ ಅರ್ಥ ಮಾಡಿಕೊಳ್ಳುತ್ತೇವೆ. ಅರಬ್ಬಿಯಲ್ಲಿ ಈ ಕ್ರಮವೇ ತಿರುಗುಮುರುಗು. ಅಲ್ಲಿ ಅರ್ಥವಾಗದೆ ಸರಿಯಾಗಿ ಓದಲಾಗದು.

ಈ ಮಾತು ನನಗೆ ಅನುಭವದಿಂದ ತಿಳಿಯಿತು. 28 ಅಕ್ಷರಗಳನ್ನು ಕಲಿತು ಬೀಗುತ್ತಿದ್ದಾಗ, ತಿಲಕನಗರದ ನೆರೆಯವರೊಬ್ಬರು ಸೌದಿ ಅರೇಬಿಯದ ಉದ್ಯೋಗದ ಕರಾರುಪತ್ರವನ್ನು ನನ್ನ ಮುಂದಿಟ್ಟರು. ಒಂದು ಮಗ್ಗುಲು ಇಂಗ್ಲಿಷು, ಇನ್ನೊಂದು ಅರಬ್ಬಿ. ಎರಡಕ್ಕೂ ಭೇದ ಬಂದರೆ ಆ ದೇಶದ ಕಾರ್ಮಿಕ ಕಾನೂನಿನಂತೆ ಅರಬ್ಬೀ ಪಾಠವೇ ಊರ್ಜಿತ. "ಎಷ್ಟು ವರ್ಷ ಎಂದು ಬರೆದಿದೆ ನೋಡಪ್ಪ" ಎಂದರು. ಅಕ್ಷರಗಳನ್ನು ಉಚ್ಚರಿಸಿದೆನೇ ಹೊರತು ಉತ್ತರ ಹೇಳಲಾರದೆ ತಲೆತಗ್ಗಿಸಿದೆ. ಬಲ್ಲವರಿಂದ ಅನಂತರ ಕಲಿತುದನ್ನು ಸಹಪಾಠಿಗಳಿಗಾಗಿ ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಭಾಷೆಯನ್ನು ಗುರುತಿಸಬೇಕು. ನಮ್ಮ ಬೀದಿಯ ಉರ್ದು ಫಲಕಗಳಿಗೂ ಅರಬ್ಬಿಗೂ ಲಿಪಿ ಒಂದೇ ಮೂಲದ್ದು. ಆದರೆ ಪ, ಚ, ಗ ಧ್ವನಿಗಳ ಅಕ್ಷರಗಳು ಪರ್ಷಿಯನ್ನರು ಸೇರಿಸಿಕೊಂಡವು. ಅವು ಕಂಡರೆ ಅದು ಅರಬ್ಬಿಯಲ್ಲವೆಂದು ತಿಳಿಯತಕ್ಕದ್ದು.

ಎರಡನೆಯದಾಗಿ, ಧಾತುವನ್ನು ಹುಡುಕಬೇಕು. ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕ್-ತ್-ಬ್ ಎಂಬ ಮೂರು ವ್ಯಂಜನಗಳು ವಾಕ್ಯಕ್ಕೆ ತಕ್ಕಂತೆ ಕತಬ (ಬರೆದನು), ಕುತಿಬ (ಬರೆಯಲ್ಪಟ್ಟಿತು), ಕುತುಬ್ (ಪುಸ್ತಕಗಳು) ಆಗಬಲ್ಲವು. ಬಹುಪಾಲು ನಿಘಂಟುಗಳೂ ಧಾತುವಿನ ಕ್ರಮದವೇ. 'ಮಕ್ತೂಬ್' ಪದವನ್ನು 'ಮ' ಕೆಳಗಲ್ಲ, 'ಕ' ಕೆಳಗೆ ಹುಡುಕಬೇಕು.

ಮೂರನೆಯದಾಗಿ, ಬಲ್ಲ ಪದಗಳನ್ನು ಊರುಗೋಲು ಮಾಡಿಕೊಳ್ಳಬೇಕು. ನಮ್ಮ ಕಂದಾಯ ಇಲಾಖೆಯ ಮಹಸೂಲು, ತಹಸೀಲು, ಹಾಸಿಲು ಮೂರೂ ಹ್-ಸ್-ಲ್ ಎಂಬ ಒಂದೇ ಧಾತುವಿನ ಮಕ್ಕಳು. ಆ ಕರಾರುಪತ್ರದಲ್ಲಿದ್ದ 'ಅತ್ತರಫುಲ್ ಅವ್ವಲ್' ಎಂದರೆ ಮೊದಲನೆಯ ಪಕ್ಷ. 'ವಾದಿಯ ತರಫು' ಎನ್ನುವಾಗ ನಾವಾಡುವುದು ಅದೇ ಪದ. ನಮ್ಮ ಷರತ್ತು ಅಲ್ಲಿ ಷರ್ತ್. ಬ್ಯಾಂಕಿನ ಮುದ್ದತು ಅಲ್ಲಿಯೂ ಅವಧಿಯೇ.

ಆದರೆ ಎಚ್ಚರಿಕೆ ಬೇಕು. ನಮ್ಮಲ್ಲಿ ತಕರಾರು ಎಂದರೆ ಆಕ್ಷೇಪಣೆ, ಅರಬ್ಬಿಯಲ್ಲಿ ಪುನರಾವೃತ್ತಿ. ನಮ್ಮ ಗರೀಬ ಬಡವ. ಅಲ್ಲಿಯ ಗರೀಬ್ ಪರಕೀಯ. ಊರುಗೋಲು ದಾರಿ ತೋರಿಸದು, ವಾಕ್ಯವೇ ತೋರಿಸಬೇಕು.

ನಾಲ್ಕನೆಯದಾಗಿ, ಪದಾಂತ್ಯವನ್ನು ಗಮನಿಸಬೇಕು. ಸಂಸ್ಕೃತದಂತೆ ಅರಬ್ಬಿಗೂ ದ್ವಿವಚನವುಂಟು. ನಾನು ಕರಾರಿನಲ್ಲಿ 'ಎರಡು' ಎಂಬ ಪದವನ್ನೇ ಅರಸುತ್ತಿದ್ದೆ. ಅದು ಅಲ್ಲಿರಲಿಲ್ಲ. ಇದ್ದುದು 'ಸನತಾನ್' ಎಂಬ ಒಂದೇ ಮಾತು. ಸನ ಎಂದರೆ ವರ್ಷ. ನಮ್ಮ ಹಳೆಯ ದಾಖಲೆಗಳ 'ಸನ್' ಸಹ ಅದೇ. 'ತಾನ್' ಎಂಬ ಬಾಲದಲ್ಲಿ ಎರಡು ಎಂಬ ಸಂಖ್ಯೆ ಅಡಗಿತ್ತು.

ನೆರೆಯವರ ಮನೆಗೆ ಮರಳಿ ಹೋಗಿ, "ಎರಡು ವರ್ಷ, ಇಂಗ್ಲಿಷಿನಲ್ಲಿರುವಂತೆಯೇ" ಎಂದು ತಿಳಿಸಿದೆ. ಅವರು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಪರೀಕ್ಷೆಯ ಅಂಕಗಳಿಗಿಂತ ಅಂದಿನ ಅವರ ನೆಮ್ಮದಿಯೇ ನನಗೆ ಹೆಚ್ಚೆನಿಸಿತು.