ಸೂರತ್‌ಗೆ ಆತುರ ಬೇಡ

ನಿಮ್ಮವರಿಗೆ ಅಹಮದಾಬಾದಿನ ಮಣಿನಗರದಿಂದ ಸೂರತ್‌ವರೆಗೆ ಒಂದೇ ಸಮ ಕಾರು ಓಡಿಸುವ ಹುರುಪು, ನಿಮಗೆ ದಾರಿಯಲ್ಲಿ ಇಳಿಯುವ ಆಸೆ. ಈ ವಿಷಯದಲ್ಲಿ ನಾನು ನಿಮ್ಮ ಪರ ತಂಗೀ. ವಡೋದರಾವರೆಗಿನ 93 ಕಿ.ಮೀ. ಎಕ್ಸ್‌ಪ್ರೆಸ್‌ವೇ ಅವರಿಗಿರಲಿ. ಲಕ್ಷ್ಮೀವಿಲಾಸ ಅರಮನೆ ನೋಡಿ ರಾತ್ರಿ ಅಲ್ಲೇ ಉಳಿಯಿರಿ. ಮರುದಿನ ಭರೂಚ್‌ನಲ್ಲಿ ಇಳಿದು ಉಪ್ಪು ಹಚ್ಚಿ ಹುರಿದ ಶೇಂಗಾ ಕೊಳ್ಳಿ. ನರ್ಮದೆಯ ಮೇಲಿನ 1881ರ ಗೋಲ್ಡನ್ ಬ್ರಿಜ್ ನೋಡದೆ ಮುಂದೆ ಹೋಗಬೇಡಿ.

ದಿನ ಯಾವುದು ಅಂದಿರಲ್ಲ? ಶೀಗಿ ಹುಣ್ಣಿಮೆಯ ಮರುದಿನ ಸೂರತ್ ಸೇರಿ. ಅಂದು ಅಲ್ಲಿ ಚಂದನಿ ಪಡವೊ ಹಬ್ಬ. ಮನೆಮಂದಿಯೆಲ್ಲ ಬೆಳದಿಂಗಳಲ್ಲಿ ರಸ್ತೆಬದಿ ಚಾಪೆ ಹಾಸಿ, ತುಪ್ಪ ಜಿನುಗುವ ಖೋವಾದ ಸಿಹಿ ಘಾರಿಯನ್ನು ಭೂಸು ಎಂಬ ಖಾರದ ಕುರುಕಲಿನ ಜೊತೆ ತಿನ್ನುತ್ತಾರೆ. ಇದನ್ನೆಲ್ಲ ಅವರಿಗೆ ಇವತ್ತೇ ಹೇಳಿ, ಸ್ಟೇರಿಂಗ್ ಹಿಡಿದಾಗ ಬೇಡ. ಹೋಟೆಲ್ ರೂಮನ್ನೂ ಈಗಲೇ ಕಾದಿರಿಸಿ.