ಕಿಟಕಿಯಾಚೆಯ ಕಡಲು ಮಾಸಿದುದೇಕೆ?

ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಗೋಡೆಯ ಮೇಲೆ ಒಂದು ಜಲವರ್ಣ ಚಿತ್ರವುಂಟು. ತೆರೆದ ಕಿಟಕಿ, ಗಾಳಿಗೆ ಒಳಮುಖವಾಗಿ ಉಬ್ಬಿದ ಪರದೆ, ಆಚೆಗೆ ನೊರೆಯೆದ್ದ ಕಡಲು. ಒಡೆದ ಗಾಜನ್ನು ಬದಲಿಸಲೆಂದು ಒಮ್ಮೆ ಅದರ ಚೌಕಟ್ಟನ್ನು ಬಿಚ್ಚಿದೆವು. ಅಂಚಿನ ರಟ್ಟು ಮುಚ್ಚಿದ್ದೆಡೆಯಲ್ಲಿ ಬೆರಳಗಲದ ಆಕಾಶವು ಕಡುಗೆಂಪಾಗಿತ್ತು! ಉಳಿದುದೆಲ್ಲ ಬೂದಿಬಣ್ಣ. ಮೋಡ ಕವಿದ ಹಗಲೆಂದು ನಾವು ತಿಳಿದಿದ್ದುದು ನಿಜವಾಗಿ ಸೂರ್ಯಾಸ್ತ.

ಜಲವರ್ಣವು ಪಾರದರ್ಶಕವಾದ ತೆಳುಪದರ. ಬೆಳಕು ಅದನ್ನು ಹಾಯ್ದು, ಬಿಳಿಯ ಕಾಗದದಲ್ಲಿ ಚದರಿ, ಮತ್ತೆ ಅದೇ ಪದರದ ಮೂಲಕ ನಮ್ಮ ಕಣ್ಣಿಗೆ ಬರುತ್ತದೆ. ಒಂದು ಬಣ್ಣದ ಬೆಳಕಿನ ಅರ್ಧಾಂಶವನ್ನು ಮಾತ್ರ ಪದರವು ಬಿಟ್ಟುಕೊಟ್ಟರೆ, ಎರಡು ಪಯಣಗಳ ಬಳಿಕ ಉಳಿಯುವುದು ಕಾಲಂಶ. ನೊರೆಯ ಬಿಳುಪಾದರೋ ಬಣ್ಣ ಮುಟ್ಟದ ಕಾಗದವೇ. ಈ ತೆಳುತನದಿಂದಲೇ ಚಿತ್ರಕ್ಕೆ ಕಾಂತಿ, ಅಪಾಯವೂ ಇದರಿಂದಲೇ. ತೈಲಚಿತ್ರದಲ್ಲಿ ಬಣ್ಣದ ಕಣಗಳನ್ನು ಎಣ್ಣೆಯು ಆವರಿಸಿ ಕಾಯುತ್ತದೆ. ಇಲ್ಲಿ ಅಂಥ ಕವಚವಿಲ್ಲ.

ಬೆಳಕನ್ನು ಹೀರಿದ ಅಣುವು ಉದ್ರೇಕಗೊಂಡು ಆಮ್ಲಜನಕದೊಡನೆ ವರ್ತಿಸಿದರೆ ಅದರ ರಚನೆ ಕೆಡುತ್ತದೆ, ಬಣ್ಣ ಹೋಗುತ್ತದೆ. 1888ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಆಬ್ನಿ ಎಂಬವರು ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ನಳಿಗೆಗಳಲ್ಲಿಟ್ಟು ಬಿಸಿಲಿಗೊಡ್ಡಿದ ಪ್ರಯೋಗಗಳ ವರದಿಯನ್ನು ಪ್ರಕಟಿಸಿದರು. ತೇವದ ಗಾಳಿಯಲ್ಲಿ ಅನೇಕ ಬಣ್ಣಗಳು ಮಾಸಿದವು. ನಿರ್ವಾತದಲ್ಲಿ ಹೆಚ್ಚಿನವು ಉಳಿದವು. ಹೀಗಿರಲು, ಕಡಲ ಕಿಟಕಿಯಿಂದ ಬರುವ ಬೆಳಕು, ತಂಗಾಳಿ ಎರಡೂ ಚಿತ್ರಕ್ಕೆ ಶತ್ರುಗಳೆಂದಾಯಿತು. (ಪ್ರಷ್ಯನ್ ನೀಲಿಯದು ಮಾತ್ರ ವಿಚಿತ್ರ ಸ್ವಭಾವ: ಗಾಳಿಯಿಲ್ಲದೆಡೆ ಬೆಳಕಿಗೆ ಮಾಸಿ, ಗಾಳಿಯಾಡುವ ಕತ್ತಲಲ್ಲಿ ಮರಳಿ ಚೇತರಿಸುತ್ತದೆ.)

ಎಲ್ಲ ಬಣ್ಣಗಳೂ ಸಮಾನವಾಗಿ ಕೆಡುವುದಿಲ್ಲ. ಕಾವಿಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡು, ಅದು ಗಟ್ಟಿ. ಕೀಟಗಳಿಂದ ತೆಗೆದ ಕಾರ್ಮೈನ್ ಬಲು ಬೇಗ ಮಾಸುವುದು. ಹಳೆಯ ಇಂಗ್ಲಿಷ್ ಚಿತ್ರಕಾರರು ನೀಲಿಗಿಡದ ಬಣ್ಣಕ್ಕೆ ಕಬ್ಬಿಣದ ಕೆಂಪನ್ನು ಬೆರೆಸಿ ಬೂದುಮೋಡಗಳನ್ನು ಬರೆಯುತ್ತಿದ್ದರು. ನೀಲಿ ಮಾಸಿ, ಮೋಡಗಳು ಕೆಂಪೇರಿ ನಿಂತಿವೆ! ನಮ್ಮ ಚಿತ್ರದ ಗತಿ ಇದಕ್ಕೆ ತದ್ವಿರುದ್ಧ.

ಹಾನಿಯು ಬೆಳಕಿನ ಪ್ರಮಾಣ ಮತ್ತು ಕಾಲ ಇವುಗಳ ಗುಣಲಬ್ಧವನ್ನು ಬಹುಮಟ್ಟಿಗೆ ಅನುಸರಿಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣಕ್ಕೆ ಸುಮಾರು 50 ಲಕ್ಸ್ ಬೆಳಕು ವಾಡಿಕೆ. ನೇರ ಬಿಸಿಲು 1,00,000 ಲಕ್ಸ್‌ವರೆಗೂ ಏರಬಲ್ಲದು. ಅಂದರೆ ಒಂದು ಗಂಟೆಯ ಬಿಸಿಲು 2,000 ಗಂಟೆಗಳ ಪ್ರದರ್ಶನಕ್ಕೆ ಸಮ. ದಿನಕ್ಕೆ 8 ಗಂಟೆಯಂತೆ 250 ದಿನಗಳು! ಗಾಜು ಹಾಕಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಸಾಮಾನ್ಯ ಗಾಜು ಅತಿನೇರಿಳೆ ಕಿರಣಗಳಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ. ನೇರಿಳೆ, ನೀಲಿ ಬೆಳಕುಗಳೂ ಹಾನಿಕರವೇ.

ಹೆನ್ರಿ ವಾನ್ ಎಂಬ ಸಂಗ್ರಾಹಕನು ಟರ್ನರನ 38 ಜಲವರ್ಣ ಚಿತ್ರಗಳನ್ನು ಎಡಿನ್‌ಬರೋ ನಗರದ ರಾಷ್ಟ್ರೀಯ ಚಿತ್ರಶಾಲೆಗೆ ಉಯಿಲು ಬರೆದಾಗ, ಅವನ್ನು ಜನವರಿಯಲ್ಲಿ ಮಾತ್ರ ಪ್ರದರ್ಶಿಸಬೇಕೆಂದು ವಿಧಿಸಿದ್ದನು. ಆ ತಿಂಗಳಲ್ಲಿ ಅಲ್ಲಿ ಬೆಳಕು ಅತಿ ಕ್ಷೀಣ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಿಳಿಯ ಕಾಗದಕ್ಕೆ ಕೆಂಪು ಮಸಿಯನ್ನು ನೀರು ಬೆರೆಸಿ ತೆಳುವಾಗಿ ಬಳಿಯಿರಿ. ಪಕ್ಕದಲ್ಲಿ ಕಾವಿಮಣ್ಣಿನ ಪಟ್ಟಿಯೊಂದಿರಲಿ. ಎರಡರ ಅರ್ಧವನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ವಾರಕ್ಕೊಮ್ಮೆ ರಟ್ಟನ್ನೆತ್ತಿ ನೋಡಿರಿ.