ರೂಟರ್ ಸಂರಚನೆ: ಉಳಿಸದ ಆದೇಶ ಉಳಿಯದು

ಪುತ್ತೂರು ತಾಲೂಕಿನ ನರಿಮೊಗರಿನಂತಹ ಗ್ರಾಮದಲ್ಲಿ ಉದ್ದಿಮೆ ನಡೆಸುವವರಿಗೂ ಅಂತರ್ಜಾಲ ಇಂದು ಅನಿವಾರ್ಯ. ರೂ. 50,000 ಮೀರಿದ ಸರಕನ್ನು ಸಾಗಿಸಲು ಸಾಮಾನ್ಯವಾಗಿ ಇ-ವೇ ಬಿಲ್ ಬೇಕು; ರೂಟರ್ ಸ್ಥಗಿತಗೊಂಡರೆ ಲಾರಿಯೂ ನಿಲ್ಲಬೇಕಾದೀತು.

ಸಿಸ್ಕೊ ಐಓಎಸ್ ತಂತ್ರಾಂಶವುಳ್ಳ ರೂಟರನ್ನು ಕನ್ಸೋಲ್ ಕೇಬಲ್ ಮೂಲಕ ಗಣಕಯಂತ್ರಕ್ಕೆ ಜೋಡಿಸಿ, ಆದೇಶಗಳನ್ನು ಟೈಪ್ ಮಾಡಿ ಹೊಂದಿಸಬಹುದು. ‘ಎನೇಬಲ್’ ಎಂಬ ಆದೇಶವು ಹೆಚ್ಚಿನ ಅಧಿಕಾರದ ಹಂತಕ್ಕೂ, ‘ಕಾನ್ಫಿಗರ್ ಟರ್ಮಿನಲ್’ ಎಂಬುದು ಬದಲಾವಣೆಯ ಹಂತಕ್ಕೂ ಒಯ್ಯುತ್ತದೆ. ಅಲ್ಲಿ ನೀಡಿದ ಆದೇಶ ತಕ್ಷಣ ಜಾರಿಗೆ ಬರುವುದಾದರೂ ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಇರುತ್ತದೆ. ವಿದ್ಯುತ್ ಹೋದರೆ ಅದು ಅಳಿಯುತ್ತದೆ. ಕಚ್ಚಾ ಚೀಟಿಯ ವ್ಯವಹಾರ ಖಾತೆ ಪುಸ್ತಕಕ್ಕೆ ಏರದೆ ಕಳೆದುಹೋದಂತೆ. ‘ಎಂಡ್’ ಎಂದು ಹೊರಬಂದು ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಎಂಬ ಆದೇಶ ನೀಡಿದಾಗಲೇ ಅದು ಸ್ಥಿರವಾಗುತ್ತದೆ.

ತಂತ್ರಜ್ಞರು ದೂರದಿಂದಲೇ ಬದಲಾವಣೆ ಮಾಡುವುದಾದರೆ ಮೊದಲು ‘ರೀಲೋಡ್ ಇನ್ 10’ ಎಂದು ನೀಡುವುದು ಲೇಸು. ತಪ್ಪಿನಿಂದ ಸಂಪರ್ಕ ಕಡಿದುಹೋದರೂ 10 ನಿಮಿಷಗಳ ಬಳಿಕ ರೂಟರ್ ಪುನರಾರಂಭಗೊಂಡು, ಹಿಂದೆ ಉಳಿಸಿದ ಸಂರಚನೆಗೆ ಮರಳುತ್ತದೆ. ಎಲ್ಲವೂ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ನೀಡಿ, ಅನಂತರ ಉಳಿಸಬೇಕು.

ಆದೇಶಗಳನ್ನೆಲ್ಲ ಉದ್ದಿಮೆದಾರರು ಕಲಿಯಬೇಕಾಗಿಲ್ಲ. ತಂತ್ರಜ್ಞರ ಬಿಲ್ಲು ಪಾವತಿಸುವ ಮುನ್ನ ಸಂರಚನೆಯನ್ನು ಉಳಿಸಲಾಗಿದೆಯೇ ಎಂದು ಕೇಳಿ, ಅದರ ಪ್ರತಿಯೊಂದನ್ನು ಪಡೆದು ಭದ್ರವಾಗಿಡುವುದು ಅವರ ಹೊಣೆ.